ವಿಕಿಯ ಬೀಗದ ಕೈ ಯಾರ ಹತ್ತಿರ?

ಹೋದ ಮಳೆಗಾಲದ ಒಂದು ರಾತ್ರಿ. ಕೊಡಗಿನ ನಾಪೋಕ್ಲಿನಲ್ಲಿ ಕರೆಂಟ್ ಹೋಗಿ ಮೂರು ಗಂಟೆ ಆಗಿತ್ತು. ನನ್ನ ಫೋನಿನಲ್ಲಿ ಉಳಿದಿದ್ದು 12 ಪರ್ಸೆಂಟ್ ಚಾರ್ಜ್. ಕೊಡವ ಕುಟುಂಬಗಳ ನಡುವಿನ ಹಾಕಿ ಬಗ್ಗೆ ನಮ್ಮದೊಂದು ವಿಕಿ ಇದೆ, ಅಂದರೆ ಓದುವವರೇ ಬರೆದು ತಿದ್ದಬಹುದಾದ ತಾಣ. ಅಷ್ಟರಲ್ಲಿ ಅದರ ಪುಟವೊಂದರಲ್ಲಿ ಯಾರೋ ಹಳೆಯ ಫೈನಲ್ ಪಂದ್ಯದ ಗೋಲಿನ ಲೆಕ್ಕ ಬದಲಿಸಿದರು. ಗೆದ್ದ ಮನೆತನ ಸೋತಿತು, ಸೋತ ಮನೆತನ ಗೆದ್ದಿತು. ನಾನು ಸರಿ ಮಾಡಿದೆ. ಐದು ನಿಮಿಷಕ್ಕೆ ಮತ್ತೆ ಬದಲಾಯಿತು. ಮತ್ತೆ ಸರಿ ಮಾಡಿದೆ, ಮತ್ತೆ ಬದಲಾಯಿತು.

ಯಾರೂ ತಿದ್ದದ ಹಾಗೆ ಆ ಪುಟಕ್ಕೆ ಬೀಗ ಹಾಕುವ ಹಕ್ಕು ನನಗೆ ಇರಲಿಲ್ಲ. ಆ ಖಾತೆಯನ್ನು ತಡೆಯುವ ಹಕ್ಕೂ ಇರಲಿಲ್ಲ. ಎರಡೂ ಇದ್ದದ್ದು ವಿಕಿ ಶುರು ಮಾಡಿದ ಗೆಳೆಯನೊಬ್ಬನ ಹತ್ತಿರ ಮಾತ್ರ. ಅವನು ಕೆಲಸಕ್ಕೆಂದು ಹೊರದೇಶಕ್ಕೆ ಹೋಗಿ ಎರಡು ವರ್ಷ ಆಗಿತ್ತು. ಫೋನ್ ಮಾಡಿದರೆ, "ಆ ಇಮೇಲೇ ಈಗ ಇಲ್ಲ ಮಾರಾಯ, ಪಾಸ್‌ವರ್ಡ್ ಎಲ್ಲಿಂದ ತರಲಿ?" ಅಂದ. ಅವನ ತಪ್ಪೇನೂ ಇಲ್ಲ. ಬೀಗದ ಕೈ ಒಂದೇ ಇದೆ ಅನ್ನೋದು ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ನಾನು ಈ ಹಕ್ಕುಗಳ ಕಥೆಯನ್ನು ಬುಡದಿಂದ ಓದಿದೆ. ಅಭಿಮಾನಿಗಳು ಸೇರಿ ಕಟ್ಟುವ ವಿಕಿಗಳಲ್ಲಿ ಆಗುವ ಜಗಳಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ.

ಮೊದಲ ವಿಕಿಯಲ್ಲಿ ಈ ತಲೆನೋವು ಇರಲೇ ಇಲ್ಲ. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಅನ್ನುವ ಪ್ರೋಗ್ರಾಮರ್ 1995ರ ಮಾರ್ಚ್ 25ರಂದು ಅದನ್ನು ತೆರೆದರು. ಹೊನಲುಲು ವಿಮಾನ ನಿಲ್ದಾಣದಲ್ಲಿ ಓಡಾಡುವ ಬಸ್ಸಿನ ಹೆಸರು 'ವಿಕಿ ವಿಕಿ', ಅಂದರೆ ಬೇಗ ಬೇಗ. ಅದೇ ಹೆಸರನ್ನು ಇಟ್ಟುಕೊಂಡರು. ಬಂದವರು ಯಾರೇ ಆಗಲಿ, ಪುಟ ತೆರೆದು ತಿದ್ದಿ ಹೋಗಬಹುದಿತ್ತು. ಬರುತ್ತಿದ್ದವರು ಹೆಚ್ಚಾಗಿ ಒಂದೇ ಕಸುಬಿನವರು, ಹಾಗಾಗಿ ಕಾವಲಿನ ಅಗತ್ಯ ಅಷ್ಟಾಗಿ ಕಾಣಲಿಲ್ಲ.

2001ರ ಜನವರಿ 15ರಂದು ವಿಕಿಪೀಡಿಯ ಶುರುವಾದಾಗ ಸಾಫ್ಟ್‌ವೇರ್ ಬೇರೆಯಾಗಿತ್ತು. ಅದರಲ್ಲಿ ಅಡ್ಮಿನ್ (ನಿರ್ವಾಹಕರ) ಪಾಸ್‌ವರ್ಡ್ ಗೊತ್ತಿದ್ದವರಿಗೆ ಮಾತ್ರ ಕೆಲವು ಕೆಲಸ ಸಾಧ್ಯ. ಪಾಸ್‌ವರ್ಡ್ ಇದ್ದವರು ಒಳಗೆ, ಇಲ್ಲದವರು ಹೊರಗೆ. ಜನ ಜಾಸ್ತಿ ಆದ ಹಾಗೆ ಇದು ಸಾಲದಾಯಿತು. 2002ರಲ್ಲಿ ಎರಡು ಸಲ ಹೊಸ ಸಾಫ್ಟ್‌ವೇರ್ ಬಂತು. ಇವತ್ತು ಮೀಡಿಯಾವಿಕಿ ಅಂತ ಕರೆಯುವುದು ಎರಡನೆಯದನ್ನೇ. ಆಗ ಹಕ್ಕು ಪಾಸ್‌ವರ್ಡ್ ಬಿಟ್ಟು ಖಾತೆಗೆ ಅಂಟಿಕೊಂಡಿತು. ಯಾರು ಏನು ಮಾಡಿದರು ಅಂತ ದಾಖಲೆ ಉಳಿಯತೊಡಗಿತು. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ತಿರುವು ಇದೇ. ಹಂಚಿಕೊಂಡ ಪಾಸ್‌ವರ್ಡಿನಲ್ಲಿ ಹೊಣೆ ಯಾರ ಮೇಲೂ ನಿಲ್ಲುವುದಿಲ್ಲ, ಅಲ್ವಾ?

2003ರ ಫೆಬ್ರವರಿಯಲ್ಲಿ, ವಿಕಿಪೀಡಿಯ ಶುರು ಮಾಡಿದವರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ಒಂದು ಮಾತು ಬರೆದರು. ನಿರ್ವಾಹಕರಾಗುವುದು ಏನೂ ದೊಡ್ಡ ಸಂಗತಿಯಲ್ಲ ಅನ್ನುವುದು ಅದರ ಸಾರ. ಒಂದಷ್ಟು ದಿನ ಒಳ್ಳೆಯ ಕೆಲಸ ಮಾಡಿದವರಿಗೆ ಹಕ್ಕು ಕೊಟ್ಟುಬಿಡಿ, ಅದು ಕಸ ಗುಡಿಸುವ ಕೆಲಸ ಅನ್ನುವ ಭಾವನೆ ಆಗಿನದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ವಾಹಕರಾದವರಿಗೆ ಇವತ್ತಿಗೂ 'ನೆಲ ಒರೆಸುವ ಕೋಲು ಸಿಕ್ಕಿತು' ಅಂತಲೇ ಹೇಳುವುದು. ಆದರೆ ಅದೇ ವರ್ಷ ಆ ಹಕ್ಕು ಕೇಳುವುದಕ್ಕೆ ಬೇರೆ ಪುಟ ತೆರೆಯಿತು. ಬೆಂಬಲ, ವಿರೋಧ, ಪ್ರಶ್ನೆಗಳು ಬಂದವು. ಮರುವರ್ಷ ಬ್ಯೂರೋಕ್ರ್ಯಾಟ್ ಅನ್ನುವ ಇನ್ನೊಂದು ಮೆಟ್ಟಿಲು ಬಂತು, ಬೇರೆಯವರನ್ನು ನಿರ್ವಾಹಕರನ್ನಾಗಿ ಮಾಡುವವರು ಇವರು. ಪೊರಕೆ ನಿಧಾನಕ್ಕೆ ಪಟ್ಟವಾಯಿತು.

ಕನ್ನಡ ವಿಕಿಪೀಡಿಯ ಶುರುವಾದದ್ದೂ 2003ರಲ್ಲೇ. ಅಲ್ಲಿ ಎಲ್ಲರೂ ಕೂತು ಮಾತಾಡುವ ಪುಟಕ್ಕೆ 'ಅರಳಿ ಕಟ್ಟೆ' ಅಂತ ಹೆಸರಿಟ್ಟಿದ್ದಾರೆ. ಆ ಹೆಸರು ಇಟ್ಟವರಿಗೆ ಕೈ ಮುಗಿಯಬೇಕು. ಊರ ನಡುವೆ ಕೂತು ನಾಲ್ಕು ಜನರ ಮುಂದೆ ತೀರ್ಮಾನ ಆಗಬೇಕು ಅನ್ನೋದು ಆ ಎರಡೇ ಪದದಲ್ಲಿ ಬಂದುಬಿಟ್ಟಿದೆ.

ಇನ್ನು ಹಕ್ಕು ಅಂದರೆ ಸಾಫ್ಟ್‌ವೇರಿನ ಒಳಗೆ ಏನು? ಅಡ್ಮಿನ್ ಅನ್ನುವುದು ಒಂದು ಹಕ್ಕಲ್ಲ, ಒಂದು ಕಟ್ಟು. ಪುಟ ಅಳಿಸುವುದು ಒಂದು ಹಕ್ಕು, ಪುಟಕ್ಕೆ ಬೀಗ ಹಾಕುವುದು ಇನ್ನೊಂದು, ಖಾತೆ ತಡೆಯುವುದು ಮತ್ತೊಂದು. ಅಡುಗೆಮನೆಯ ಡಬ್ಬಗಳ ಹಾಗೆ ಒಂದೊಂದೂ ಬೇರೆ. ಯಾವ ಗುಂಪಿಗೆ ಯಾವ ಡಬ್ಬ ಅಂತ ಮೊದಲೇ ಬರೆದಿಟ್ಟಿರುತ್ತದೆ. ಲಾಗಿನ್ ಆಗದವರದು ಒಂದು ಗುಂಪು, ಖಾತೆ ಇರುವವರದು ಒಂದು, ಖಾತೆ ಸ್ವಲ್ಪ ಹಳೆಯದಾದವರದು ಒಂದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆಗೆ 4 ದಿನ ಆಗಿ 10 ತಿದ್ದುಪಡಿ ಮಾಡಿದರೆ ಈ ಮೂರನೆಯ ಗುಂಪಿಗೆ ತಾನಾಗಿಯೇ ಸೇರುತ್ತೀರಿ. ಒಬ್ಬರು ಎಷ್ಟು ಗುಂಪಿನಲ್ಲಿದ್ದರೂ ಆ ಎಲ್ಲ ಗುಂಪಿನ ಹಕ್ಕುಗಳೂ ಒಟ್ಟಾಗಿ ಸಿಗುತ್ತವೆ.

ಹೀಗೆ ಬೇರೆ ಬೇರೆ ಇರುವುದರಿಂದಲೇ ಕಟ್ಟನ್ನು ಬಿಚ್ಚಿ ಹಂಚುವುದಕ್ಕೆ ಆಗುತ್ತದೆ. 2008ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ಹಾಗೇ ಮಾಡಿತು. ಅಡ್ಮಿನ್ ಕಟ್ಟಿನಲ್ಲಿದ್ದ 'ರೋಲ್‌ಬ್ಯಾಕ್' ಹಕ್ಕನ್ನು ತೆಗೆದು ನಂಬಿಕಸ್ತರಾದ ಸಾಮಾನ್ಯ ಬರಹಗಾರರಿಗೂ ಕೊಟ್ಟಿತು. ಇದು ಎಷ್ಟು ಉಪಯೋಗದ್ದು ಅಂತ ಆ ಮಳೆಯ ರಾತ್ರಿ ನನಗೆ ಅರ್ಥ ಆಯಿತು. ನನ್ನ ಹತ್ತಿರ ಇದ್ದದ್ದು ಬರೀ 'ರದ್ದು ಮಾಡು' ಗುಂಡಿ. ಇತಿಹಾಸ ತೆರೆಯಬೇಕು, ಯಾವ ತಿದ್ದುಪಡಿ ಅಂತ ಹುಡುಕಬೇಕು, ಒತ್ತಬೇಕು, ಮತ್ತೆ ಉಳಿಸಬೇಕು. ಆ ವ್ಯಕ್ತಿ ಸಾಲಾಗಿ ಏಳು ತಿದ್ದುಪಡಿ ಮಾಡಿದ್ದರು. ಗೋಲು ಒಂದು ಸಲ, ಗೋಲು ಹೊಡೆದವರ ಹೆಸರು ಒಂದು ಸಲ, ದಿನಾಂಕ ಒಂದು ಸಲ. ರೋಲ್‌ಬ್ಯಾಕ್ ಇದ್ದಿದ್ದರೆ ಒಂದೇ ಒತ್ತಿಗೆ ಅವರ ಏಳೂ ತಿದ್ದುಪಡಿ ಹೋಗಿ ಪುಟ ಮೊದಲಿನಂತಾಗುತ್ತಿತ್ತು. ಫೋನಿನ ಚಾರ್ಜ್ ಇಳಿಯುತ್ತಿರುವಾಗ ಇದು ಸಣ್ಣ ವಿಷಯ ಅಲ್ಲ.

ಅಭಿಮಾನಿ ವಿಕಿಗಳ ದಾರಿ ಇಲ್ಲಿಂದ ಬೇರೆಯಾಗುತ್ತದೆ. ಜಿಮ್ಮಿ ವೇಲ್ಸ್ ಮತ್ತು ಏಂಜೆಲಾ ಬೀಸ್ಲಿ 2004ರಲ್ಲಿ ವಿಕಿಸಿಟೀಸ್ ಅನ್ನುವ ತಾಣ ತೆರೆದರು. 2006ರಲ್ಲಿ ಅದರ ಹೆಸರು ವಿಕಿಯಾ ಆಯಿತು. ಈಗ ಅದೇ ಫ್ಯಾಂಡಮ್. ಸ್ಟಾರ್ ಟ್ರೆಕ್ ಅಭಿಮಾನಿಗಳ ಮೆಮೊರಿ ಆಲ್ಫಾ 2003ರಲ್ಲೇ ಬೇರೆ ಕಡೆ ಹುಟ್ಟಿ ಆಮೇಲೆ ಇಲ್ಲಿಗೆ ಬಂತು. ಸ್ಟಾರ್ ವಾರ್ಸ್ ಅಭಿಮಾನಿಗಳ ವೂಕಿಪೀಡಿಯ 2005ರದು. ಇಲ್ಲಿ ಯಾರು ವಿಕಿ ತೆರೆಯುತ್ತಾರೋ ಅವರೇ ತಾನಾಗಿ ಬ್ಯೂರೋಕ್ರ್ಯಾಟ್, ಅವರೇ ಅಡ್ಮಿನ್. ಯಾರೂ ಆರಿಸುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ. ಮೊದಲ ದಿನ ಪುಟಗಳೇ ಇರುವುದಿಲ್ಲ, ಇನ್ನು ಕೇಳುವವರು ಎಲ್ಲಿಂದ ಬರಬೇಕು?

ಅವರ ಕೆಳಗೆ ಇನ್ನೂ ಕೆಲವು ಗುಂಪುಗಳಿವೆ. ಪುಟಗಳನ್ನು ಅಳಿಸಿ, ಬೀಗ ಹಾಕಿ ನೋಡಿಕೊಳ್ಳುವ ಕಂಟೆಂಟ್ ಮಾಡರೇಟರ್, ಮಾತುಕತೆ ನೋಡಿಕೊಳ್ಳುವ ಥ್ರೆಡ್ ಮಾಡರೇಟರ್, ರೋಲ್‌ಬ್ಯಾಕ್ ಇರುವವರು. ಬ್ಯೂರೋಕ್ರ್ಯಾಟ್ ಇವರನ್ನೆಲ್ಲ ನೇಮಿಸಬಹುದು, ತೆಗೆಯಲೂಬಹುದು. ಆದರೆ ಇನ್ನೊಬ್ಬ ಬ್ಯೂರೋಕ್ರ್ಯಾಟನ್ನು ಮಾಡಿದ ಮೇಲೆ ಅವರಿಂದ ಆ ಹಕ್ಕು ಕಿತ್ತುಕೊಳ್ಳಲು ಆಗುವುದಿಲ್ಲ. ತಾವಾಗಿ ಬಿಡಬೇಕು, ಇಲ್ಲವೇ ತಾಣದ ಸಿಬ್ಬಂದಿ ತೆಗೆಯಬೇಕು. ಜನ ಎರಡನೆಯ ಬ್ಯೂರೋಕ್ರ್ಯಾಟನ್ನು ಮಾಡಲು ಹಿಂಜರಿಯುವುದು ಇದಕ್ಕೇ. ಹಿಂಜರಿದರೆ ಏನಾಗುತ್ತದೆ ಅಂತ ನಮ್ಮ ವಿಕಿ ನೋಡಿದವರಿಗೆ ಗೊತ್ತು.

ಬ್ಯೂರೋಕ್ರ್ಯಾಟ್ ಮೇಲೂ ಒಂದು ಹಂತ ಇದೆ ಅನ್ನೋದನ್ನು ಅಭಿಮಾನಿಗಳು ಮರೆಯುತ್ತಾರೆ. ಪುಟದ ಮೇಲೆ ಹಕ್ಕು ನಮ್ಮದು, ಸರ್ವರ್, ಜಾಹೀರಾತು, ವಿಳಾಸ ತಾಣದವರದು. 2010ರಲ್ಲಿ ವಿಕಿಯಾ ಎಲ್ಲ ವಿಕಿಗಳ ರೂಪ ಬದಲಿಸಿತು. ವಾರ್‌ಕ್ರಾಫ್ಟ್ ಆಟದ ಅಭಿಮಾನಿಗಳಿಗೆ ಅದು ಹಿಡಿಸಲಿಲ್ಲ. ಅವರ ವಿಕಿಯಲ್ಲಿ ಅಡ್ಮಿನ್‌ಗಳಿಗೆ ಏನು ಕಡಿಮೆ ಇರಲಿಲ್ಲ, ಆದರೂ ಅವರ ಕೈಯಲ್ಲಿ ಅದನ್ನು ತಡೆಯಲು ಆಗಲಿಲ್ಲ. ಕೊನೆಗೆ ಬಳಗದ ಬಹುಪಾಲು ಜನ ಬರಹವನ್ನೆಲ್ಲ ನಕಲು ಮಾಡಿಕೊಂಡು ಹೊರಟು ವೌಪೀಡಿಯ ಅನ್ನುವ ಹೊಸ ಮನೆ ಕಟ್ಟಿದರು. 2018ರ ಕೊನೆಗೆ ಆ ಹೊಸ ಮನೆಯನ್ನು ನಡೆಸುತ್ತಿದ್ದ ಸಂಸ್ಥೆಯನ್ನೂ ಫ್ಯಾಂಡಮ್ ಕೊಂಡುಕೊಂಡಿತು. 2023ರಲ್ಲಿ ವೌಪೀಡಿಯದವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿ ಹೊರಟರು. ಅದೇ ವರ್ಷ ಮೈನ್‌ಕ್ರಾಫ್ಟ್ ಆಟದ ವಿಕಿಯವರೂ ಹೊರಟರು. ಹೀಗೆ ಹೊರಡಲು ಸಾಧ್ಯವಾಗುವುದು ಬರಹದ ಪರವಾನಗಿ ಮುಕ್ತವಾಗಿರುವುದರಿಂದ. ಬರೆದದ್ದನ್ನು, ಬರೆದವರ ಹೆಸರು ಉಳಿಸಿ, ಯಾರು ಬೇಕಾದರೂ ಒಯ್ಯಬಹುದು. ಯಾವ ಅಡ್ಮಿನ್‌ನಿಂದಲೂ ಕಿತ್ತುಕೊಳ್ಳಲಾಗದ ಹಕ್ಕು ಅದೊಂದೇ ಅಂತ ನನಗೆ ಅನ್ನಿಸುತ್ತದೆ.

ನಮ್ಮ ವಿಕಿ ಇಷ್ಟು ದೊಡ್ಡದಲ್ಲ. ಏಳು ಜನ ಬರೆಯುತ್ತೇವೆ. ವಿಷಯ ಒಂದೇ, ಕೊಡವ ಕುಟುಂಬಗಳ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಮ್ಮ ನಾಪೋಕ್ಲಿನ ಚೆರಿಯಪರಂಬು ಮೈದಾನದಲ್ಲಿ ಆಡಿದ್ದು 360 ತಂಡ. ಒಂದೊಂದು ತಂಡವೂ ಒಂದೊಂದು ಒಕ್ಕ, ಅಂದರೆ ಒಂದೊಂದು ಮನೆತನ. ಗಂಡಸರು, ಹೆಂಗಸರು, ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ಗೋಲಿನ ಲೆಕ್ಕ ತಪ್ಪಾದರೆ ಅದು ಬರೀ ಅಂಕಿ ಅಲ್ಲ. ಒಂದು ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಹೆಸರು ಅದರ ಜೊತೆ ಇರುತ್ತದೆ. ಹುಡುಗನೊಬ್ಬ ಗೋಲು ಹೊಡೆದದ್ದನ್ನು ಗ್ಯಾಲರಿಯಲ್ಲಿ ಕೂತು ನೋಡಿದ ಅವನ ಅಜ್ಜಿ ಇನ್ನೂ ಇದ್ದಾರೆ.

ಮನೆಹೆಸರಿನ ಬರವಣಿಗೆಯೇ ನಮ್ಮಲ್ಲಿ ದೊಡ್ಡ ಜಗಳ. ಒಂದೇ ಮನೆಹೆಸರನ್ನು ಕನ್ನಡದಲ್ಲಿ ಮೂರು ರೀತಿ ಬರೆಯುತ್ತಾರೆ. ಮೂರೂ ಮನೆಯವರೇ ಬರೆಯುವುದು. ಇಂಥ ಕಡೆ ಅಡ್ಮಿನ್ ಒಬ್ಬರು 'ಇದೇ ಸರಿ' ಅಂತ ಪುಟಕ್ಕೆ ಬೀಗ ಹಾಕಿದರೆ ಅದು ಸೊಕ್ಕಾಗಿ ಕಾಣುತ್ತದೆ. ಹಾಗಾಗಿ ನಾವು ಚರ್ಚೆ ಪುಟದಲ್ಲಿ ಹಳೆ ಆಹ್ವಾನ ಪತ್ರಿಕೆ, 'ಶಕ್ತಿ' ಪತ್ರಿಕೆಯ ತುಣುಕು, ಒಕ್ಕದ ಹಿರಿಯರು ಹೇಳಿದ್ದು ಎಲ್ಲ ಇಟ್ಟು ನೋಡುತ್ತೇವೆ. ಬೀಗದ ಗುಂಡಿಗೆ ಅಲ್ಲಿ ಕೆಲಸ ಇಲ್ಲ. ಅದು ಇರುವುದು ಮಳೆ ರಾತ್ರಿಯ ಆ ಗೋಲಿನ ಆಟದಂಥದ್ದಕ್ಕೆ.

ಈ ಪಂದ್ಯಾವಳಿಯಲ್ಲಿ ನಾನು ತುಂಬ ಮೆಚ್ಚುವ ಒಂದು ಪದ್ಧತಿ ಇದೆ. ಪ್ರತಿ ಸಲ ಬೇರೆ ಒಕ್ಕದವರು ನಡೆಸುತ್ತಾರೆ, ಕಪ್ಪಿಗೂ ಆ ಸಲ ಅವರದೇ ಹೆಸರು. ಮೈದಾನ, ಊಟ, ಗ್ಯಾಲರಿ ಎಲ್ಲದರ ಹೊಣೆ ಅವರದು. ಫೈನಲ್ ಮುಗಿದರೆ ಹೊಣೆ ಮುಂದಿನ ಒಕ್ಕಕ್ಕೆ ದಾಟುತ್ತದೆ. ಊರಿನ ತಕ್ಕರ, ಅಂದರೆ ದೇವಸ್ಥಾನದ ಕೆಲಸ ನೋಡುವ ಮುಖ್ಯಸ್ಥರ, ಸ್ಥಾನ ಹಾಗಲ್ಲ. ಅದು ಒಂದು ಮನೆತನದಲ್ಲಿ ತಲೆಮಾರಿನಿಂದ ಬಂದದ್ದು. ದೇವಸ್ಥಾನದ ಕೆಲಸಕ್ಕೆ ಅದು ಸರಿ. ವಿಕಿಯ ಬ್ಯೂರೋಕ್ರ್ಯಾಟ್ ಹಕ್ಕು ಗೊತ್ತಿಲ್ಲದ ಹಾಗೆ ತಕ್ಕರ ಸ್ಥಾನದಂತೆ ಆಗಿಬಿಡುತ್ತದೆ, ಯಾಕೆಂದರೆ ಸಾಫ್ಟ್‌ವೇರಿನಲ್ಲಿ ಅದಕ್ಕೆ ಕೊನೆಯ ದಿನಾಂಕ ಹಾಕುವ ರೂಢಿ ಕಡಿಮೆ. ಮೀಡಿಯಾವಿಕಿಯಲ್ಲಿ ಹಕ್ಕನ್ನು ಇಂತಿಷ್ಟು ದಿನಕ್ಕೆ ಅಂತ ಕೊಡುವ ಸೌಲಭ್ಯ ಈಗ ಇದೆ. ಅದನ್ನು ಇನ್ನೂ ಜಾಸ್ತಿ ಬಳಸಬೇಕು.

ದೊಡ್ಡ ವಿಕಿಗಳೂ ಇದನ್ನು ಕಲಿಯುತ್ತಲೇ ಇವೆ. 2018ರವರೆಗೆ ವಿಕಿಪೀಡಿಯದ ಯಾವ ನಿರ್ವಾಹಕರು ಬೇಕಾದರೂ ಇಡೀ ತಾಣದ ಎಲ್ಲ ಓದುಗರ ಬ್ರೌಸರಿನಲ್ಲಿ ಓಡುವ ಕೋಡನ್ನು ತಿದ್ದಬಹುದಿತ್ತು. ಒಬ್ಬರ ಪಾಸ್‌ವರ್ಡ್ ಕದ್ದರೆ ಸಾಕು, ಲಕ್ಷಾಂತರ ಜನರಿಗೆ ತೊಂದರೆ. ಆ ವರ್ಷ ಆ ಹಕ್ಕನ್ನು ಕಟ್ಟಿನಿಂದ ತೆಗೆದು ಇಂಟರ್‌ಫೇಸ್ ನಿರ್ವಾಹಕರು ಅನ್ನುವ ಸಣ್ಣ ಗುಂಪಿಗೆ ಮಾತ್ರ ಕೊಟ್ಟರು. ಬಳಸದ ಹಕ್ಕು ಕೈಯಲ್ಲಿ ಸುಮ್ನೆ ಇದ್ದರೂ ಅಪಾಯವೇ ಅಂತ ಅವರು ಒಪ್ಪಿದ ಹಾಗೆ ಆಯಿತು.

ನಮ್ಮದು ಬಗೆಹರಿದದ್ದು ಹೀಗೆ. ನಡೆಸುವವರಿಲ್ಲದ ವಿಕಿಯನ್ನು ವಹಿಸಿಕೊಳ್ಳಲು ತಾಣದ ಸಿಬ್ಬಂದಿಗೆ ಅರ್ಜಿ ಹಾಕುವ ದಾರಿ ಇದೆ. ಬಳಗದವರ ಮುಂದೆ ಮೊದಲು ವಿಷಯ ಇಡಬೇಕು, ಯಾರ ಆಕ್ಷೇಪವೂ ಇಲ್ಲ ಅಂತ ತೋರಿಸಬೇಕು. ಹೊರದೇಶದ ಗೆಳೆಯ ಹೊಸ ಖಾತೆಯಿಂದ ಬಂದು ಒಪ್ಪಿಗೆ ಬರೆದ. ಹಕ್ಕು ಬಂದ ಮೇಲೆ ನಾವು ಬ್ಯೂರೋಕ್ರ್ಯಾಟ್ ಇಬ್ಬರನ್ನು ಮಾಡಿದೆವು. ಒಬ್ಬರು ಕೊಡಗಿನಲ್ಲೇ ಇರುವವರು, ಇನ್ನೊಬ್ಬರು ಬೆಂಗಳೂರಿನವರು. ಇಲ್ಲಿ ಮರ ಬಿದ್ದು ಲೈನ್ ಹೋದರೆ ಅಲ್ಲಿಂದ ನೋಡಿಕೊಳ್ಳಬೇಕಲ್ಲ.

ದೈಹಿಕ ಶಿಕ್ಷಕರಾಗಿ ನಿವೃತ್ತರಾದ ನಮ್ಮ ಮಾಸ್ಟ್ರಿಗೆ ಅಡ್ಮಿನ್ ಆಗಿ ಅಂದೆವು. "ನನಗೆ ಯಾಕಪ್ಪ? ನನ್ನ ಹತ್ತಿರ ಇರೋದು ಹಳೆ ಸ್ಕೋರ್‌ಶೀಟು. ಅದನ್ನು ಹಾಕ್ತೇನೆ, ಸಾಕು" ಅಂದರು. ನಾವು ಒತ್ತಾಯ ಮಾಡಲಿಲ್ಲ. ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಅವರಿಗೆ, ಹಕ್ಕು ಎಲ್ಲರಿಗಿಂತ ಕಡಿಮೆ ಇರುವುದೂ ಅವರಿಗೇ. ಅವರು ಒಂದು ಸಾಲು ಬರೆದರೆ ಆರು ಜನ ಅಡ್ಡ ಮಾತಾಡುವುದಿಲ್ಲ.

ರೋಲ್‌ಬ್ಯಾಕನ್ನು ಪೊನ್ನಂಪೇಟೆಯ ಕಾಲೇಜು ಹುಡುಗಿಗೆ ಕೊಟ್ಟೆವು. ಮೂರೇ ತಿಂಗಳಾಗಿತ್ತು ಅವಳು ಸೇರಿ. ಹೋದ ವಾರ ಮತ್ತೆ ಯಾರೋ ಗೋಲಿನ ಲೆಕ್ಕಕ್ಕೆ ಕೈ ಹಾಕಿದರು. ನಾನು ಫೋನ್ ತೆಗೆದು ಪುಟದ ಇತಿಹಾಸ ನೋಡುವಷ್ಟರಲ್ಲಿ ಅದು ಸರಿಯಾಗಿತ್ತು. ಕೆಳಗೆ ಅವಳ ಹೆಸರು, ಸಮಯ ರಾತ್ರಿ 10.42. ಐದು ನಿಮಿಷದ ನಂತರ ಮಾಸ್ಟ್ರು ಅದೇ ಪುಟದ ಚರ್ಚೆಯಲ್ಲಿ ಆ ಪಂದ್ಯದ ಸ್ಕೋರ್‌ಶೀಟಿನ ಫೋಟೊ ಹಾಕಿದ್ದರು, ಮೂಲೆಯಲ್ಲಿ ಅಂಪೈರ್ ಸಹಿಯ ಸಮೇತ.