ಬಂಧುಬಳಗ ಇಲ್ಲದವನಂತೆ ನಡೆದುಕೊಂಡರೆ

ಸುಮ್ಮನಿರುವ ಹಕ್ಕು ನಿನಗಿದೆ, ವಕೀಲರನ್ನು ಕರೆಸಿಕೊಳ್ಳುವ ಹಕ್ಕು ನಿನಗಿದೆ. ಅಮೆರಿಕದ ಪೊಲೀಸರು ಆರೋಪಿಯ ವಿಚಾರಣೆಗೆ ಮೊದಲು ಈ ಮಾತು ಹೇಳಲೇಬೇಕು. ಎಷ್ಟೋ ಸಲ ಅದು ಅಚ್ಚು ಹಾಕಿದ ಹಾಳೆ ಓದಿ ಸಹಿ ಹಾಕಿಸಿಕೊಳ್ಳುವಷ್ಟಕ್ಕೇ ಮುಗಿದುಹೋಗುತ್ತದೆ. 2004ರಲ್ಲಿ ಅಂಥದ್ದೊಂದು ಸಹಿ, ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಸ್ವಂತ ಸುಪ್ರೀಂ ಕೋರ್ಟಿನ ಮುಂದೆ ಬಂತು. ಹಕ್ಕು ಬಿಟ್ಟುಕೊಡಲು ಸಹಿಯೊಂದೇ ಸಾಲದು ಎಂದಿತು ಕೋರ್ಟು. ಅದಕ್ಕೆ ಆಧಾರವಾಗಿ ಎತ್ತಿಕೊಂಡದ್ದು ತಮ್ಮ ಮನೆಮಾತಿನದೇ ಒಂದು ಪದ, ‘ಹಝೋ-ಓಗೊ’. ಅವಸರ ಮಾಡದೆ, ಮರ್ಯಾದೆ ಕೊಟ್ಟು, ಎದುರಿಗಿರುವವರಿಗೆ ತಿಳಿಯುವ ಹಾಗೆ ಮಾತಾಡುವುದು ಎಂದು ಅದರ ಅರ್ಥ. ಮನುಷ್ಯರು ಒಬ್ಬರೊಬ್ಬರ ಜೊತೆ ನಡೆದುಕೊಳ್ಳಬೇಕಾದ ರೀತಿಯೇ ಅದು. ಕೈಗೆ ಬೇಡಿ ಬಿದ್ದ ಮಾತ್ರಕ್ಕೆ ಒಬ್ಬ ಮನುಷ್ಯ ಆ ರೀತಿಯಿಂದ ಹೊರಗಾಗುವುದಿಲ್ಲ.

ಹಿರಿಯರು ಮೊಮ್ಮಕ್ಕಳಿಗೆ ಹೇಳಿಕೊಡುವಂಥ ನಡವಳಿಕೆಯೊಂದು ಪೊಲೀಸ್ ವಿಚಾರಣೆಯ ನಿಯಮವಾಯಿತು ಎನ್ನುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನವಾಹೋಗಳು ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ, ಅಂದರೆ ‘ಜನ’. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಈ ಮೂರು ರಾಜ್ಯಗಳಲ್ಲಿ ಹರಡಿರುವ ಅವರ ನಾಡು ಸುಮಾರು 70,000 ಚದರ ಕಿಲೋಮೀಟರ್. 1864ರಲ್ಲಿ ಅಮೆರಿಕದ ಸೈನ್ಯ ಅವರನ್ನು ನೆಲ ಬಿಡಿಸಿ, ನೂರಾರು ಮೈಲಿ ನಡೆಸಿಕೊಂಡು ಹೋಗಿ ಕೂಡಿಹಾಕಿತ್ತು. 1868ರ ಒಪ್ಪಂದದ ಮೇಲೆ ಅವರು ಮರಳಿ ಬಂದರು. 1892ರಲ್ಲಿ ಸರ್ಕಾರವೇ ಅವರಿಗೊಂದು ಕೋರ್ಟು ಮಾಡಿಕೊಟ್ಟಿತು. ಅದು ಯಾವ ಬಗೆಯ ಕೋರ್ಟು ಗೊತ್ತೇ? ಮೂಲನಿವಾಸಿಗಳ ಕುಣಿತ, ಆಚರಣೆಗಳನ್ನೇ ಅಪರಾಧವೆಂದು ಪಟ್ಟಿ ಮಾಡಿದ ನಿಯಮಗಳಡಿ ಹುಟ್ಟಿದ್ದು. 1959ರಲ್ಲಿ ನವಾಹೋಗಳು ತಮ್ಮದೇ ನ್ಯಾಯಾಂಗ ಕಟ್ಟಿಕೊಂಡರು. ಹಳೆಯ ಪದ್ಧತಿಯೂ ಕಾನೂನೇ, ಸಂಶಯ ಬಂದರೆ ತಿಳಿದವರನ್ನು ಕರೆಸಿ ಕೇಳಬಹುದು ಎಂಬ ಮಾತಿಗೆ ಅವರ ಸಂಹಿತೆಯಲ್ಲಿ ಜಾಗ ಸಿಕ್ಕಿತು. ಅಳಿಸಿಹಾಕಲು ತಂದ ಕೋರ್ಟಿನ ಜಾಗದಲ್ಲೇ ಉಳಿಸಿಕೊಳ್ಳುವ ಕೋರ್ಟು ಎದ್ದು ನಿಂತಿತು.

ಆ ಪದ್ಧತಿಯ ತಿರುಳು ‘ಕೆ’ ಎಂಬ ಒಂದಕ್ಷರದ ಪದ. ನಂಟು, ಹೊಣೆ, ಒಬ್ಬರಿಗೊಬ್ಬರು ಆಗುವುದು, ಎಲ್ಲ ಅದರೊಳಗಿದೆ. ನವಾಹೋ ಮಗುವಿನ ಬಳಿ, ಅಂದರೆ ಕುಲ, ತಾಯಿಯದು. ಹೊಸಬರು ಎದುರಾದರೆ ಅವರು ತಾಯಿಯ ಬಳಿ, ತಂದೆಯ ಬಳಿ, ಇಬ್ಬರು ಅಜ್ಜಂದಿರ ಬಳಿ, ಹೀಗೆ ನಾಲ್ಕನ್ನೂ ಹೇಳಿ ಪರಿಚಯ ಮಾಡಿಕೊಳ್ಳುತ್ತಾರೆ. ಎಲ್ಲಾದರೂ ಒಂದು ಎಳೆ ಕೂಡಿದರೆ ಅಲ್ಲಿಗೆ ಅವರು ನೆಂಟರು. ಪುಂಡಾಟ ಮಾಡುವವನನ್ನು ನಾವು ‘ಹೇಳುವವರು ಕೇಳುವವರು ಇಲ್ಲದವನು’ ಅನ್ನುತ್ತೇವಲ್ಲ, ಅವರು ‘ಬಂಧುಗಳೇ ಇಲ್ಲದವನ ಹಾಗೆ ಆಡುತ್ತಾನೆ’ ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ಅಲ್ಲಿ ಬೇಕಿಲ್ಲ.

ಈ ನಂಟು ಹೊರಗಿನವರನ್ನೂ ಬಿಡುವುದಿಲ್ಲ. ಲಕೋಟ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯದ ಹೆಸರಾಂತ ಹೋರಾಟಗಾರ ರಸೆಲ್ ಮೀನ್ಸ್ ನವಾಹೋ ಮಹಿಳೆಯನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದರು. 1997ರಲ್ಲಿ ಮಾವನ ಮೇಲೆ ಕೈಮಾಡಿದ ಆರೋಪ ಅವರ ಮೇಲೆ ಬಂತು. ನಾನು ನವಾಹೋ ಅಲ್ಲ, ನನ್ನನ್ನು ವಿಚಾರಿಸಲು ಈ ಕೋರ್ಟಿಗೆ ಅಧಿಕಾರವಿಲ್ಲ ಎಂದು ಅವರು ವಾದಿಸಿದರು. 1999ರಲ್ಲಿ ನವಾಹೋ ಸುಪ್ರೀಂ ಕೋರ್ಟು ತನ್ನ ಅಧಿಕಾರಕ್ಕೆ ಆಧಾರವಾಗಿ ಒಂದು ಕಡೆ 1868ರ ಒಪ್ಪಂದವನ್ನು ತೋರಿಸಿತು. ಇನ್ನೊಂದು ಕಡೆ, ಮದುವೆಯಿಂದ ನೀವು ‘ಹದಾನೆ’ ಆದಿರಿ, ಅಂದರೆ ಬೀಗತನದ ನೆಂಟರಾದಿರಿ, ಅದರ ಜೊತೆ ಬರುವ ಹೊಣೆಯನ್ನೂ ಒಪ್ಪಿಕೊಂಡಿರಿ ಎಂದಿತು. 2005ರಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ಕೋರ್ಟು ಕೂಡ ನವಾಹೋ ಕೋರ್ಟಿನ ಅಧಿಕಾರವನ್ನು ಎತ್ತಿಹಿಡಿಯಿತು, ಆದರೆ ಅದು ನೆಚ್ಚಿಕೊಂಡದ್ದು ಅಮೆರಿಕದ ಸಂಸತ್ತು ಮಾಡಿದ ಕಾನೂನನ್ನು.

ಪೆಟ್ಟಾದರೆ ಪರಿಹಾರ ‘ನಲ್ಯೇ’. ಹಿಂದೆ ಕುರಿ, ಕುದುರೆ, ಒಡವೆ ಕೊಡುತ್ತಿದ್ದರು. ಈಗ ಅಪಘಾತದ ಮೊಕದ್ದಮೆಗಳಲ್ಲೂ ಈ ಪದ ಬರುತ್ತದೆ. ಎಷ್ಟು ಕೊಡಬೇಕು? ಮನಸ್ಸಿನಲ್ಲಿ ಕಹಿ ಉಳಿಯದಷ್ಟು. ಬರಿಯ ದುಡ್ಡಿನ ಲೆಕ್ಕಕ್ಕೆ ಇದು ಸಿಗುವುದಿಲ್ಲ, ಕೊಡುವವರೂ ಪಡೆಯುವವರೂ ಮತ್ತೆ ಮುಖ ಕೊಟ್ಟು ಮಾತಾಡುವಂತಾಗಬೇಕು.

ಅದಕ್ಕೆಂದೇ 1982ರಲ್ಲಿ ಶಾಂತಿ ಪಂಚಾಯ್ತಿಯೊಂದು ನ್ಯಾಯಾಂಗದ ಒಳಗೇ ಸೇರಿತು. ಪ್ರಾರ್ಥನೆಯಿಂದ ಶುರು. ನಡೆಸಿಕೊಡುವವರು ‘ನಾತಾನಿ’, ಊರು ಒಪ್ಪಿದ ಹಿರಿಯರು. ಇಬ್ಬರ ಪರಿಚಯವೂ ಇಲ್ಲದವರೇ ಆಗಬೇಕೆಂಬ ನಿಯಮ ಅವರಿಗಿಲ್ಲ, ಸಂಬಂಧಿಕರೇ ಆಗಿದ್ದರೂ ನಡೆದೀತು. ನೊಂದವರು, ನೋಯಿಸಿದವರು, ಎರಡೂ ಕಡೆಯ ಬಳಗ, ಎಲ್ಲರೂ ಹೊಟ್ಟೆಯಲ್ಲಿರುವುದನ್ನು ಹೊರಹಾಕುತ್ತಾರೆ. ‘ನಾನು ಅಷ್ಟೊಂದು ಕುಡಿಯುವುದಿಲ್ಲ’ ಎಂದು ಒಬ್ಬ ಹೇಳಿದರೆ, ಕೋರ್ಟಿನಲ್ಲಾದರೆ ಅದಕ್ಕೆ ಸಾಕ್ಷಿ ಬೇಕು. ಇಲ್ಲಿ ಪಕ್ಕದಲ್ಲೇ ಅವನ ಅಕ್ಕ ಕೂತಿರುತ್ತಾಳೆ. ಆಮೇಲೆ ನಾತಾನಿ ಹಳೆಯ ಕಥೆಗಳನ್ನು ಎತ್ತಿಕೊಂಡು ಬುದ್ಧಿ ಹೇಳುತ್ತಾರೆ, ತೀರ್ಪು ಕೊಡುವುದಿಲ್ಲ. ಎಲ್ಲರೂ ಒಪ್ಪಿದರೆ ಅದೇ ತೀರ್ಮಾನ. 1992ರಿಂದ 2003ರವರೆಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಾಬರ್ಟ್ ಯಾಝಿ ಇದನ್ನು ಅಡ್ಡಗೆರೆಯ ನ್ಯಾಯ ಎಂದರು. ಮೇಲೆ ಕೂತವರು ಕೆಳಗೆ ನಿಂತವರಿಗೆ ವಿಧಿಸುವುದು ಉದ್ದಗೆರೆಯದು.

ಹೊಡೆಸಿಕೊಂಡ ಹೆಂಡತಿಯನ್ನು ಹೊಡೆದ ಗಂಡನ ಎದುರು ಕೂರಿಸಿ, ಬಳಗವೆಲ್ಲ ಸೇರಿ ‘ಹೊಂದಿಕೊಂಡು ಹೋಗು’ ಅಂದರೆ? ಈ ಪ್ರಶ್ನೆಯನ್ನು ವಿದ್ವಾಂಸರು ಎತ್ತಿದ್ದಾರೆ, ಎತ್ತಲೇಬೇಕು. ಅದೇ ಬಳಗ ಅವಳ ಬೆನ್ನಿಗೆ ನಿಂತರೆ, ಇಷ್ಟು ದಿನ ಮನೆಯೊಳಗೆ ಮುಚ್ಚಿಟ್ಟಿದ್ದು ಎಲ್ಲರೆದುರು ಬಯಲಾಗಿ ಗಂಡ ತಲೆತಗ್ಗಿಸಬೇಕಾಗುತ್ತದೆ ಎನ್ನುವುದೂ ನಿಜ. ಆದರೆ ಅವಳ ಸುರಕ್ಷತೆ ಮೊದಲು, ರಾಜಿ ಆಮೇಲೆ ಎಂದೇ ನನ್ನ ಅಭಿಪ್ರಾಯ.

ಇನ್ನು, ಬರೆದಿಡದ ಪದ್ಧತಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಹೇಗೆ? 1987ರಲ್ಲಿ ಆಸ್ತಿಯ ಮೊಕದ್ದಮೆಯೊಂದರಲ್ಲಿ ಕೋರ್ಟು ದಾರಿ ತೋರಿಸಿತು. ಪದ್ಧತಿಯನ್ನು ಆಧಾರವಾಗಿ ಹಿಡಿಯುವವರು ಅದನ್ನು ಮೊದಲೇ ಹೇಳಬೇಕು. ಎಲ್ಲರಿಗೂ ತಿಳಿದದ್ದಾದರೆ ನ್ಯಾಯಾಧೀಶರು ತಾವಾಗಿ ಒಪ್ಪಿಕೊಳ್ಳಬಹುದು, ಇಲ್ಲದಿದ್ದರೆ ಬಲ್ಲವರ ಸಾಕ್ಷಿ ಬೇಕು. ವಿಜ್ಞಾನಿಯೊಬ್ಬರು ರಕ್ತದ ಗುಂಪಿನ ಬಗ್ಗೆ ಹೇಳಿಕೆ ಕೊಡುವ ಅದೇ ಕಟಕಟೆಯಲ್ಲಿ ಹಿರಿಯರೊಬ್ಬರು ನಿಂತು, ಅಜ್ಜಿ ಸಾಕಿದ ಮೊಮ್ಮಗನಿಗೆ ಏನು ಸಲ್ಲಬೇಕೆಂದು ನವಾಹೋ ಭಾಷೆಯಲ್ಲಿ ಹೇಳಬಹುದು. ಕೇಳುವ ನ್ಯಾಯಾಧೀಶರಿಗೂ ಆ ಭಾಷೆ, ಆ ಪದ್ಧತಿ ಗೊತ್ತಿರಲೇಬೇಕು. ಆ ಹುದ್ದೆಗೆ ಬೇಕಾದ ಅರ್ಹತೆಗಳಲ್ಲಿ ಅದೂ ಒಂದು.