ಗೋಸುಂಬೆ ತರುವ ಮೊದಲು ಒಂದು ಮಳೆಗಾಲ ಖಾಲಿ ಗೂಡು ನಡೆಸಿ

ತುಳುವರ ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಕಳೆದು ಬಿಸಿಲು ಕಾಣುವ ಹೊತ್ತಿಗೆ ನನ್ನ ಕ್ಲಿನಿಕ್ಕಿಗೆ ಗೋಸುಂಬೆಗಳು ಬರಲು ಶುರುವಾಗುತ್ತವೆ. ಹೆಚ್ಚಾಗಿ ಎರಡೇ ತೊಂದರೆ. ಮೂಳೆ ಮೆತ್ತಗಾಗಿರುತ್ತದೆ, ಇಲ್ಲವೇ ಉಸಿರಾಟ ಕೆಟ್ಟಿರುತ್ತದೆ. ಕಾರಣ ಹುಡುಕುತ್ತಾ ಹೋದರೆ ಅದರ ಹಿಂದಿನ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೇ ಬಂದು ನಿಲ್ಲುತ್ತೇವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮ ಕಾಸರಗೋಡು. ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಬೂಸ್ಟು. ಬಿಸಿಲೂ ಬೇಕು, ಓಡಾಡುವ ಗಾಳಿಯೂ ಬೇಕು ಎನ್ನುವ ಪ್ರಾಣಿಯನ್ನು ಅಂಥ ಮನೆಯಲ್ಲಿ ಇಡುತ್ತೇವೆ. ಹಾಗಾಗಿ ಗೋಸುಂಬೆ ಸಾಕಬಹುದಾ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ಗೂಡು ಈಗಲೇ ಕಟ್ಟಿ, ಒಂದು ಮಳೆಗಾಲ ಅದನ್ನು ಖಾಲಿಯಾಗಿಯೇ ನಡೆಸಿ, ಪ್ರಾಣಿಯನ್ನು ಆಮೇಲೆ ತನ್ನಿ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ನಮ್ಮ ದೇಶದ್ದೇ ಆದ ಗೋಸುಂಬೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಪಾಡುತ್ತದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಯಾರೋ ಚೀಲದಲ್ಲಿ ತಂದು 'ಕಾಡಲ್ಲಿ ಸಿಕ್ಕಿತು, ಇಟ್ಕೊಳ್ಳಿ' ಎಂದರೆ ಅರಣ್ಯ ಇಲಾಖೆಗೆ ಹೇಳಿ. ಅದು ವಿಷದ ಪ್ರಾಣಿಯಲ್ಲ, ಕಲ್ಲು ಹೊಡೆಯುವ ಅಗತ್ಯವೂ ಇಲ್ಲ. ಇನ್ನು ಬೇಲಿ ಮೇಲೆ ಕೂತು ತಲೆ ಆಡಿಸುವ ಕೆಂಪು ಕತ್ತಿನ ಓತಿಕ್ಯಾತ ಗೋಸುಂಬೆಯೇ ಅಲ್ಲ. ಗೋಸುಂಬೆಯ ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ, ಪಾದ ಇಕ್ಕುಳದ ಹಾಗೆ ಕೊಂಬೆ ಹಿಡಿಯುತ್ತದೆ, ಬಾಲ ಸುರುಳಿ ಸುತ್ತುತ್ತದೆ.

ಸಾಕಲು ಸಿಗುವುದು ಹೊರದೇಶದ ಜಾತಿಗಳು. ಅವೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿವೆ. ಅದೇ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೊಡುವವರ ಹತ್ತಿರ ಸರಿಯಾದ ದಾಖಲೆ ಇಲ್ಲದಿದ್ದರೆ ಎಷ್ಟೇ ಚಂದದ ಪ್ರಾಣಿ ಇದ್ದರೂ ಬೇಡ. 'ಪೇಪರ್ ಆಮೇಲೆ ಕಳಿಸ್ತೇನೆ' ಎನ್ನುವವರ ಹತ್ತಿರ ಕೊಂಡವರು ನೋಂದಣಿಯ ಹೊತ್ತಿಗೆ ಪೇಚಿಗೆ ಸಿಕ್ಕಿಬೀಳುತ್ತಾರೆ.

ಯಾವುದು ಒಳ್ಳೆಯದು? ಮೂರು ಹೆಸರು ಜಾಸ್ತಿ ಕೇಳಿಬರುತ್ತವೆ. ಯೆಮನ್ ಮತ್ತು ಸೌದಿ ಕಡೆಯ ವೇಲ್ಡ್, ಮಡಗಾಸ್ಕರ್‌ನ ಪ್ಯಾಂಥರ್, ಕೀನ್ಯಾ–ತಾಂಜಾನಿಯಾದ ಬೆಟ್ಟಗಳ ಜಾಕ್ಸನ್. ಮೂರು ಕೊಂಬಿನ ಜಾಕ್ಸನ್ ನೋಡಲು ಬಹಳ ಚಂದ, ಆದರೆ ಅದಕ್ಕೆ ತಂಪಾದ ರಾತ್ರಿ ಬೇಕು. ಕುಂಬಳೆ, ಉಪ್ಪಳದ ಮೇ ತಿಂಗಳ ರಾತ್ರಿಯಲ್ಲಿ ಅದು ನರಳುತ್ತದೆ. ಕರಾವಳಿಯ ಪ್ರಾಣಿಯಾದ ಪ್ಯಾಂಥರ್‌ಗೆ ನಮ್ಮ ತೇವ ಸ್ವಲ್ಪ ಒಗ್ಗುತ್ತದೆ, ಆದರೆ ಬೆಲೆ ಜಾಸ್ತಿ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಗಂಡು ವೇಲ್ಡ್. ಗಟ್ಟಿ ಪ್ರಾಣಿ, ಸಣ್ಣಪುಟ್ಟ ತಪ್ಪನ್ನು ತಾಳಿಕೊಳ್ಳುತ್ತದೆ, ಚೆನ್ನಾಗಿ ನೋಡಿಕೊಂಡರೆ ಆರೆಂಟು ವರ್ಷ ಬಾಳುತ್ತದೆ.

ಗಂಡೇ ಯಾಕೆ ಎಂದರೆ, ಹೆಣ್ಣು ವೇಲ್ಡ್ ಗಂಡಿನ ಸಂಗ ಇಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಒಂದು ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಜಾಸ್ತಿ. ಅಗೆದು ಇಡಲು ಒಂದಡಿ ಆಳದ ಒದ್ದೆ ಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣ ಹೋಗುತ್ತದೆ. ಗಂಡಿನ ಗುರುತು ಸುಲಭ. ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥದ್ದು ಮರಿಯಲ್ಲೇ ಇರುತ್ತದೆ. ಜೋಡಿ ಬೇಡವೇ ಬೇಡ. ಗೋಸುಂಬೆಗೆ ಜೊತೆ ಬೇಕಿಲ್ಲ, ಇನ್ನೊಂದು ಗೋಸುಂಬೆ ಕಣ್ಣೆದುರು ಇದ್ದರೇ ಅದಕ್ಕೆ ದಿಗಿಲು.

ಕಳೆದ ಮಳೆಗಾಲದ ಕೊನೆಗೆ ಬದಿಯಡ್ಕ ಕಡೆಯಿಂದ ಬಂದ ಒಂದು ಮರಿಯ ವಿಷಯ ಹೇಳುತ್ತೇನೆ. ಮೈ ಬಣ್ಣ ಚೆನ್ನಾಗಿಯೇ ಇತ್ತು. ಕಡ್ಡಿ ಮೇಲೆ ಬಿಟ್ಟರೆ ಹೊಟ್ಟೆ ಎತ್ತಲಾಗದೆ ಮೊಣಕೈ ಹೊರಗೆ ಬಾಗುತ್ತಿತ್ತು. ಹುಳ ತೋರಿಸಿದೆ. ಎರಡೂ ಕಣ್ಣು ಮುಂದಕ್ಕೆ ಬಂದವು, ಬಾಯಿ ತೆರೆಯಿತು, ನಾಲಗೆಯ ತುದಿ ತುಸು ಹೊರಬಂದು ಅಲ್ಲೇ ಜೋತುಬಿತ್ತು. ಗಟ್ಟಿ ಇರುವ ಗೋಸುಂಬೆಯ ನಾಲಗೆ ಮೈಯ ಉದ್ದವನ್ನೂ ಮೀರಿ ಚಿಮ್ಮುತ್ತದೆ. ಕೆಳದವಡೆಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಬಾಗಿತು, ಮೂಳೆಯಲ್ಲಿ ಸುಣ್ಣದಂಶವೇ ಇರಲಿಲ್ಲ. ಮನೆಯವರು ಪ್ರೀತಿಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಹೊಟ್ಟೆ ತುಂಬ ಹುಳ ಹಾಕಿದ್ದರು, ಮೀನಿನ ಗಾಜಿನ ತೊಟ್ಟಿಯಲ್ಲಿ ಇಟ್ಟು ಕಿಟಕಿ ಪಕ್ಕ ಬೆಳಕಿಗೂ ಇಟ್ಟಿದ್ದರು. ಆದರೆ ಮೂಳೆಗೆ ಬೇಕಾದ, ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಆ ಕಿರಣ ಚರ್ಮಕ್ಕೆ ಬಿದ್ದರೆ ತಾನೇ ವಿಟಮಿನ್ ಡಿ3 ತಯಾರಾಗುವುದು? ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆ ಮರಿ ಬದುಕಿತು, ಆದರೆ ಕಾಲಿನ ಬಾಗು ಹಾಗೇ ಉಳಿಯಿತು.

ಆದ್ದರಿಂದ ಗಾಜಿನ ತೊಟ್ಟಿ ಬೇಡ, ನಾಲ್ಕೂ ಕಡೆ ಜಾಲರಿ ಇರಲಿ. ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ದುಬಾರಿ ಗೂಡು ತರಿಸಬೇಕಾಗಿಲ್ಲ. ಕಿಟಕಿಗೆ ಅಲ್ಯೂಮಿನಿಯಂ ಫ್ರೇಮ್ ಮಾಡುವವರು ಚೆನ್ನಾಗಿಯೇ ಮಾಡಿಕೊಡುತ್ತಾರೆ. ಪ್ಲೈವುಡ್ ಹಾಕಿಸಬೇಡಿ, ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ಗೂಡನ್ನು ಮೇಜಿನ ಮೇಲೆ ಎತ್ತರಕ್ಕೆ ಇಡಿ. ನಾವು ಮೇಲಿಂದ ಬಗ್ಗಿ ನೋಡಿದರೆ ಅದಕ್ಕೆ ಹದ್ದು ಬಂದ ಹಾಗೆ. ಒಳಗೆ ಕಟ್ಟಲು ಪೇರಳೆ, ದಾಸವಾಳದ ಕಡ್ಡಿ ಚಲೋ, ದಪ್ಪ ತೆಳು ಎರಡೂ ಇರಲಿ. ಗೇರು, ಮಾವಿನ ಹಸಿ ಕೊಂಬೆ ಬೇಡ, ಅದರ ಸೊನೆ ನಮ್ಮ ಚರ್ಮವನ್ನೇ ಸುಡುತ್ತದೆ. ದಾಸವಾಳದ ಗಿಡವನ್ನೇ ಚಟ್ಟಿಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ವೇಲ್ಡ್ ಅದರ ಎಲೆ, ಹೂ ತಿನ್ನುತ್ತದೆ ಕೂಡ. ಅಡಗಿ ಕೂರುವಷ್ಟು ಎಲೆ ಇರಲೇಬೇಕು.

ಮೇಲುಗಡೆ ಎರಡು ದೀಪ. ಒಂದು ಉದ್ದನೆಯ ಟಿ5 ಯುವಿಬಿ ಟ್ಯೂಬ್. ಅದು ಉರಿಯುತ್ತಿದ್ದರೂ ಕಿರಣದ ಕಸುವು ಇಳಿಯುತ್ತಾ ಹೋಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಇನ್ನೊಂದು ಮೈ ಕಾಯಿಸುವ ಬಲ್ಬು. ಅದರ ಕೆಳಗಿನ ಕೊಂಬೆಯಲ್ಲಿ 30 ಡಿಗ್ರಿ ಆಸುಪಾಸು ಇರಲಿ, ಪ್ರಾಣಿಗೆ ಬಲ್ಬು ಮುಟ್ಟಲು ಸಿಗಬಾರದು. ಹನ್ನೆರಡು ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲೆ. ನವೆಂಬರ್‌ನಿಂದ ಬೆಳಗಿನ ಎಳೆ ಬಿಸಿಲಿಗೆ ಅಂಗಳದಲ್ಲಿ ಇಡಬಹುದು, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅರ್ಧ ನೆರಳಿರಲಿ, ನೀವು ಪಕ್ಕದಲ್ಲೇ ಇರಿ. ಕಾಗೆ, ಬೆಕ್ಕು, ಕೆಂಪಿರುವೆ ಯಾವುದೂ ದೂರವಿಲ್ಲ. ಬಾಯಿ ತೆರೆದು ಕೂತರೆ ಸೆಖೆ ಜಾಸ್ತಿಯಾಯಿತು ಎಂದರ್ಥ, ತಕ್ಷಣ ನೆರಳಿಗೆ ತನ್ನಿ.

ನೀರಿನ ವಿಷಯದಲ್ಲೇ ನಮ್ಮೂರಿನವರು ಎಡವುವುದು. ಗೋಸುಂಬೆ ಬಟ್ಟಲಿನ ನೀರು ಕುಡಿಯುವುದು ಅಪರೂಪ. ಎಲೆಯ ತುದಿಯಲ್ಲಿ ಹೊಳೆಯುವ ಹನಿ ಕಂಡರೆ ಮಾತ್ರ ಅದಕ್ಕೆ ನೀರು ಎಂದು ಗೊತ್ತಾಗುತ್ತದೆ. ಅದಕ್ಕೇ ಬೆಳಿಗ್ಗೆ ಸಂಜೆ ಸ್ಪ್ರೇ ಮಾಡಿ ಎಂದು ಎಲ್ಲರೂ ಹೇಳುವುದು. ಇದು ಒಣ ಊರಿಗೆ ಸರಿ. ಹೊರಗೇ ತೇವಾಂಶ ಶೇಕಡಾ 90 ದಾಟಿರುವ ಆಟಿಯಲ್ಲಿ ಅಷ್ಟೇ ಸ್ಪ್ರೇ ಮಾಡಿದರೆ ಗೂಡು ಒಣಗುವುದೇ ಇಲ್ಲ. ಒದ್ದೆ ಎಲೆ, ನಿಂತ ಗಾಳಿ, ಬೂಸ್ಟು, ಆಮೇಲೆ ಶ್ವಾಸಕೋಶದ ಸೋಂಕು. ಮಳೆಗಾಲದಲ್ಲಿ ಸ್ಪ್ರೇ ಕಡಿಮೆ ಮಾಡಿ, ಮೇಲಿಂದ ಒಂದೇ ಎಲೆಗೆ ಹನಿ ಹನಿ ಬೀಳುವ ಹಾಗೆ ಡ್ರಿಪ್ ಕಟ್ಟಿ. ಕೆಳಗೆ ಪಾತ್ರೆ ಇಟ್ಟು ಬಿದ್ದ ನೀರು ಆಗಾಗ ಚೆಲ್ಲಿ. ಕೋಣೆಯಲ್ಲಿ ಫ್ಯಾನ್ ಮೆಲ್ಲಗೆ ತಿರುಗುತ್ತಿರಲಿ, ಗಾಳಿ ನೇರ ಗೂಡಿಗೆ ಬಡಿಯುವುದು ಬೇಡ.

ಖಾಲಿ ಗೂಡಿನ ಪರೀಕ್ಷೆ ಎಂದದ್ದು ಇದಕ್ಕೇ. ಒಂದು ಥರ್ಮಾಮೀಟರ್, ಒಂದು ತೇವಾಂಶ ಮಾಪಕ ಒಳಗೆ ನೇತುಹಾಕಿ. ಗಿಡ ಇಡಿ, ದೀಪ ಹಾಕಿ, ಡ್ರಿಪ್ ಬಿಡಿ. ಬೆಳಿಗ್ಗೆ ಒದ್ದೆಯಾದ ಎಲೆ ಮಧ್ಯಾಹ್ನಕ್ಕೆ ಒಣಗುತ್ತದಾ? ಕಡ್ಡಿಯಲ್ಲಿ ಬಿಳಿ ಬೂಸ್ಟು ಬರುತ್ತದಾ? ಗಾಳಿಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ದಿನವಿಡೀ ಕರೆಂಟ್ ಹೋದರೆ ದೀಪಕ್ಕೆ ಇನ್ವರ್ಟರ್ ಇದೆಯಾ? ಇವಕ್ಕೆ ಸರಿಯಾದ ಉತ್ತರ ಸಿಗದ ಮನೆಗೆ ಪ್ರಾಣಿ ತರಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಆಹಾರಕ್ಕೆ ಸಾಕಿದ ಚಿಮ್ಮಂಡೆ ಹುಳಗಳೇ ಆಧಾರ. ಸಿಕ್ಕರೆ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳ ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಚಿಮ್ಮಂಡೆಯಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಗೋಸುಂಬೆಗೆ ಹಾಕುವ ಹಿಂದಿನ ದಿನ ಹುಳಗಳಿಗೇ ನುಗ್ಗೆಸೊಪ್ಪು, ಕ್ಯಾರೆಟ್, ಚೀನಿಕಾಯಿ ತಿನ್ನಿಸಿ, ಕೊಡುವಾಗ ಕ್ಯಾಲ್ಸಿಯಂ ಪುಡಿ ಹೊರಳಿಸಿ. ಹುಳದ ಗಾತ್ರ ಗೋಸುಂಬೆಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಮರಿಗೆ ದಿನವೂ, ದೊಡ್ಡದಕ್ಕೆ ದಿನ ಬಿಟ್ಟು ದಿನ. ತೋಟದಲ್ಲಿ ಹಿಡಿದ ಮಿಡತೆ, ಮನೆಯ ಜಿರಳೆ ಹಾಕಬೇಡಿ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ಇದು, ಸಿಂಪಡಿಸಿದ ಮದ್ದು ಎಲ್ಲಿಗೆಲ್ಲ ಹೋಗುತ್ತದೆ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗೆ ಮೊದಲು ಹಾರಾಡುವ ಮಿಂಚುಹುಳವಂತೂ ಬೇಡವೇ ಬೇಡ, ಅದರ ಮೈಯಲ್ಲಿರುವ ವಿಷಕ್ಕೆ ಇಂಥ ಪ್ರಾಣಿಗಳು ಸತ್ತದ್ದುಂಟು.

ಪ್ರಾಣಿ ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ. ಗೋಡೆಯ ಬಣ್ಣಕ್ಕೆ ಹೊಂದಲು ಅದು ಬಣ್ಣ ಬದಲಿಸುವುದಿಲ್ಲ. ಚಳಿ, ಹೆದರಿಕೆ, ಸಿಟ್ಟು, ಬೆದೆ ಇವೆಲ್ಲ ಅದರ ಚರ್ಮದಲ್ಲಿ ಕಾಣುತ್ತವೆ. ಮೂರು ತಿಂಗಳಾದರೂ ದಾಟಿರಲಿ, ಸಾಕಿದಲ್ಲೇ ಹುಟ್ಟಿದ್ದಿರಲಿ. ಕಣ್ಣು ಗುಳಿಬಿದ್ದಿದ್ದರೆ ನೀರು ಸಾಲದು. ಹಗಲಲ್ಲೇ ಕಣ್ಣು ಮುಚ್ಚಿ ಕೂತಿದ್ದರೆ ಕಾಯಿಲೆ ಇದೆ, ಅದಕ್ಕೆ ಎರಡನೇ ಮಾತಿಲ್ಲ. ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ ಬಿಳಿ ಇರಬೇಕು, ಕಿತ್ತಳೆ ಬಣ್ಣ ಆದರೆ ನೀರಿನ ಕೊರತೆ. ನಿಮ್ಮೆದುರೇ ಒಂದು ಹುಳ ಹಾಕಿಸಿ, ನಾಲಗೆ ಪೂರ್ತಿ ಚಿಮ್ಮುತ್ತದಾ ನೋಡಿ. ಹಾಗೆಯೇ ಸರೀಸೃಪ ನೋಡುವ ಡಾಕ್ಟರ್ ಎಲ್ಲಿದ್ದಾರೆ ಎಂದು ಮೊದಲೇ ವಿಚಾರಿಸಿ. ದೊಡ್ಡ ಕಾಯಿಲೆಗೆ ಮನುಷ್ಯರೇ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡುವ ಊರು ನಮ್ಮದು, ಅಲ್ವಾ? ಸಾಕಲಾಗದೆ ಹೋದರೆ ತೋಟಕ್ಕೆ ಬಿಡುವ ಯೋಚನೆ ಯಾವತ್ತೂ ಬೇಡ. ಹವಾಯಿ, ಫ್ಲಾರಿಡಾದಲ್ಲಿ ವೇಲ್ಡ್ ಗೋಸುಂಬೆಗಳು ಹಾಗೆಯೇ ಕಾಡು ಸೇರಿ ನೆಲೆಯೂರಿವೆ.

ತಂದ ಮೇಲೆ ಮೊದಲ ಎರಡು ವಾರ ಅದನ್ನು ಅದರ ಪಾಡಿಗೆ ಬಿಡಿ. ಕೈಯಲ್ಲಿ ಹಿಡಿಯುವುದು, ನೆಂಟರಿಗೆ ತೋರಿಸುವುದು, ಫೋಟೋ ತೆಗೆಯುವುದು ಯಾವುದೂ ಬೇಡ. ಆಮೇಲೂ ಅದು ನೋಡಿ ಖುಷಿಪಡುವ ಪ್ರಾಣಿ, ಮುದ್ದು ಮಾಡುವುದಲ್ಲ. ಮಕ್ಕಳಿಗೆ ಇದನ್ನು ತರುವ ಮೊದಲೇ ಹೇಳಿ ಒಪ್ಪಿಸಬೇಕು. ಗೂಡು ಮುಟ್ಟಿದವರು ಸಾಬೂನು ಹಾಕಿ ಕೈ ತೊಳೆಯಲಿ, ಸರೀಸೃಪಗಳಲ್ಲಿ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ. ದಿನವೂ ಎಷ್ಟು ತಿಂದಿತು, ನೀರು ಕುಡಿಯಿತಾ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡನೇ ವಾರದ ಕೊನೆಗೆ ತಾಜಾ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಡಾಕ್ಟರಿಗೆ ತಲುಪಿಸಿ. ಹೊಟ್ಟೆಹುಳ ಇದೆಯೇ ಎಂದು ನೋಡಲು ಅಷ್ಟು ಸಾಕು, ಪ್ರಾಣಿಯನ್ನು ಬಸ್ಸಿನಲ್ಲಿ ಅಲೆಸಬೇಕಾಗಿಲ್ಲ.