ಎಲೆಕ್ಟ್ರಾನಿಗೆ ಋಣ ಅಂಟಿಕೊಂಡಿದ್ದು ಹೇಗೆ?

ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಬಾಚಣಿಗೆಯಿಂದ ಕಾಗದದ ಚೂರು ಎತ್ತುವ ಪ್ರಯೋಗ ತೋರಿಸಲು ಹೋಗಿ ಸೋತಿದ್ದರು. ಜುಲೈ ತಿಂಗಳು, ಹೊರಗೆ ಜಡಿಮಳೆ. ತಲೆ ಬಾಚಿದ್ದೇ ಬಾಚಿದ್ದು, ಒಂದು ಚೂರೂ ಕದಲಲಿಲ್ಲ. "ಆವೇಶ ಬರ್ತಿಲ್ಲ ಕಣ್ರೋ" ಅಂದಾಗ ಇಡೀ ಕ್ಲಾಸು ನಕ್ಕಿತ್ತು. ಅವರು ಹೇಳಿದ್ದು ವಿದ್ಯುತ್ತಿನ ಆವೇಶ, ಇಂಗ್ಲಿಷಿನ ಚಾರ್ಜ್. ನಮಗೆ ಗೊತ್ತಿದ್ದ ಆವೇಶ ಅಂದರೆ ಜಾತ್ರೆಯಲ್ಲಿ ಮೈಮೇಲೆ ಬರುವಂಥದ್ದು. ಅದೇ ಬಾಚಣಿಗೆ ಡಿಸೆಂಬರಿನಲ್ಲಿ ಮೇಜಿನ ಮೇಲಿದ್ದ ಚೂರುಗಳನ್ನೆಲ್ಲ ಎಳೆದುಕೊಂಡಿತು. ಮೇಷ್ಟ್ರು ಖುಷಿಯಲ್ಲಿ ಬೋರ್ಡಿನ ಮೇಲೆ 'ಎಲೆಕ್ಟ್ರಾನ್: ಋಣ ಆವೇಶ' ಎಂದು ಬರೆದರು. ಹಿಂದಿನ ಬೆಂಚಿನವನೊಬ್ಬ ಕೇಳಿದ: "ಸಾರ್, ಅದು ಯಾರ ಹತ್ರ ಸಾಲ ಮಾಡಿದೆ?"

ಬರ್ಕೊಳ್ಳಿ ಅಂದರು, ಬರ್ಕೊಂಡೆವು. ಆದರೆ ಪ್ರಶ್ನೆ ಸುಮ್ನೆ ತಮಾಷೆಯದ್ದಲ್ಲ. ಅದಕ್ಕೆ ಉತ್ತರ ಬೇಕಿದ್ದರೆ ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಉಜ್ಜಿದ ಅಂಬರ್ (ಕಲ್ಲಿನಂತೆ ಗಟ್ಟಿಯಾದ ಹಳೆಯ ಮರದ ರಾಳ) ಹಗುರ ವಸ್ತುಗಳನ್ನು ಸೆಳೆಯುತ್ತದೆ ಎಂಬುದು ಹಳೆಯ ಗ್ರೀಕರಿಗೇ ಗೊತ್ತಿತ್ತು. ಅಂಬರಿಗೆ ಅವರ ಹೆಸರು ಎಲೆಕ್ಟ್ರಾನ್. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಗಾಜು, ಗಂಧಕ, ಅರಗು ಹೀಗೆ ಇನ್ನಷ್ಟನ್ನು ಉಜ್ಜಿ ನೋಡಿ ಪಟ್ಟಿ ಮಾಡಿದ. ಲೋಹ ಮಾತ್ರ ಎಷ್ಟು ಉಜ್ಜಿದರೂ ಜಪ್ಪಯ್ಯ ಅನ್ನಲಿಲ್ಲ. ಲೋಹಕ್ಕೆ ಆ ಗುಣವೇ ಇಲ್ಲ ಎಂದು ಬರೆದಿಟ್ಟರು. ತಪ್ಪು ಲೋಹದ್ದಲ್ಲ, ಹಿಡಿದ ಕೈಯದ್ದು. ಉಜ್ಜಿದಾಗ ಬಂದ ಆವೇಶವೆಲ್ಲ ಕೈಯ ಮೂಲಕ ನೆಲಕ್ಕೆ ಹೋಗುತ್ತಿತ್ತು. ಇದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ವಸ್ತು ಎಂಬ ಯೋಚನೆಯೇ ಯಾರಿಗೂ ಇರಲಿಲ್ಲ.

ಅದನ್ನು ಕಂಡುಹಿಡಿದವನು ಸ್ಟೀಫನ್ ಗ್ರೇ. ಕ್ಯಾಂಟರ್ಬರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. ವಯಸ್ಸಾದ ಮೇಲೆ ಲಂಡನ್ನಿನ ಚಾರ್ಟರ್‌ಹೌಸ್ ಎಂಬ ಧರ್ಮಸಂಸ್ಥೆಯ ಆಶ್ರಯದಲ್ಲಿದ್ದ. ಅವನ ಬಳಿ ಸುಮಾರು ಒಂದು ಮೀಟರ್ ಉದ್ದದ ಗಾಜಿನ ಕೊಳವೆ ಇತ್ತು. ಧೂಳು ಹೋಗದಿರಲಿ ಅಂತ ಎರಡೂ ತುದಿಗೆ ಬಿರಡೆ ಹಾಕಿದ್ದ. 1729ರಲ್ಲಿ ಒಂದು ದಿನ ಕೊಳವೆ ಉಜ್ಜಿದಾಗ ಪುಕ್ಕ ಬಂದು ಅಂಟಿದ್ದು ಗಾಜಿಗಲ್ಲ, ಬಿರಡೆಗೆ. ಬಿರಡೆಯನ್ನು ಅವನು ಉಜ್ಜಿಯೇ ಇರಲಿಲ್ಲ! ಅಲ್ಲಿಂದ ಶುರುವಾಯ್ತು ಹುಚ್ಚು. ಬಿರಡೆಗೆ ಕಡ್ಡಿ, ಕಡ್ಡಿಗೆ ದಂತದ ಚೆಂಡು, ಆಮೇಲೆ ಕಡ್ಡಿಯ ಬದಲು ಹುರಿ. ಬಾಲ್ಕನಿಯಿಂದ ಹುರಿ ಇಳಿಬಿಟ್ಟರೂ ಕೆಳಗಿನ ಚೆಂಡು ಹಗುರ ಚೂರುಗಳನ್ನು ಎಳೆಯುತ್ತಿತ್ತು.

ಇನ್ನೂ ಉದ್ದ ಬೇಕಲ್ಲ, ಹುರಿಯನ್ನು ಅಡ್ಡಡ್ಡ ಎಳೆದು ತೊಲೆಗೆ ಮೊಳೆ ಹೊಡೆದು ಕಟ್ಟಿದ. ಏನೂ ಆಗಲಿಲ್ಲ. ಆ ಜುಲೈನಲ್ಲಿ ಕೆಂಟ್‌ನಲ್ಲಿದ್ದ ಗೆಳೆಯ ಗ್ರಾನ್‌ವಿಲ್ ವ್ಹೀಲರ್‌ನ ಮನೆಗೆ ಹೋದಾಗ ವ್ಹೀಲರ್ ಒಂದು ಉಪಾಯ ಹೇಳಿದ: ರೇಷ್ಮೆ ದಾರದ ಮೇಲೆ ಹುರಿಯನ್ನು ಹಾಯಿಸೋಣ. 80 ಅಡಿ ದಾಟಿತು. ಹುರಿ ಉದ್ದ ಮಾಡುತ್ತಾ ಹೋದಂತೆ ಭಾರಕ್ಕೆ ರೇಷ್ಮೆ ಕಿತ್ತುಹೋಯಿತು. ರೇಷ್ಮೆ ಕೆಲಸ ಮಾಡಿದ್ದು ಅದು ತೆಳುವಾಗಿದ್ದಕ್ಕೇ ಎಂದುಕೊಂಡಿದ್ದ ಇಬ್ಬರೂ ಅಷ್ಟೇ ತೆಳುವಾದ, ಗಟ್ಟಿಯಾದ ಹಿತ್ತಾಳೆ ತಂತಿ ಕಟ್ಟಿದರು. ಕೊಳವೆಯನ್ನು ಎಷ್ಟು ಉಜ್ಜಿದರೂ ಚೆಂಡಿನ ಕಡೆ ಒಂದು ಚೂರೂ ಅಲ್ಲಾಡಲಿಲ್ಲ. ಆಗ ಹೊಳೆಯಿತು: ವಿಷಯ ದಪ್ಪ ತೆಳುವಿನದ್ದಲ್ಲ, ಯಾವ ವಸ್ತು ಅನ್ನೋದು. ಹಿತ್ತಾಳೆ ಎಲ್ಲವನ್ನೂ ಸಾಗಿಸಿ ಗೋಡೆಗೆ ದಾಟಿಸಿಬಿಡುತ್ತದೆ, ರೇಷ್ಮೆ ದಾಟಿಸುವುದಿಲ್ಲ. ವಾಹಕ, ಅವಾಹಕ ಎಂದು ನಾವು ಒಂದು ಅಂಕದ ಪ್ರಶ್ನೆಗೆ ಬರೆಯುತ್ತೇವಲ್ಲ, ಅದು ಹುಟ್ಟಿದ್ದು ಈ ಕಿತ್ತುಹೋದ ದಾರದಿಂದ. ಅಂದಹಾಗೆ, ಹುರಿ ವಾಹಕವಾಗಿದ್ದು ಅದರ ನಾರಿನೊಳಗಿನ ತೇವದಿಂದ. ನಮ್ಮ ಮೇಷ್ಟ್ರನ್ನು ಸೋಲಿಸಿದ್ದೂ ತೇವವೇ.

ಗ್ರೇಯ ಪ್ರಯೋಗಗಳನ್ನು ಓದಿದ ಫ್ರಾನ್ಸಿನ ದ್ಯು ಫೇ 1733ರ ಹೊತ್ತಿಗೆ ಇನ್ನೊಂದು ಗಂಟು ಬಿಚ್ಚಿದ. ಉಜ್ಜಿದ ಗಾಜನ್ನು ಮುಟ್ಟಿದ ಚಿನ್ನದ ರೇಕು ಗಾಜಿನಿಂದ ದೂರ ಹಾರಿತು. ಉಜ್ಜಿದ ರಾಳದಿಂದಲೂ ಹಾರೀತು ಎಂದುಕೊಂಡು ಹತ್ತಿರ ಹಿಡಿದರೆ, ಹೋಗಿ ಅಂಟಿಕೊಂಡಿತು. ಹಾಗಾದರೆ ವಿದ್ಯುತ್ತಿನಲ್ಲಿ ಎರಡು ಜಾತಿ: ಗಾಜಿನದ್ದು, ರಾಳದ್ದು. ಒಂದೇ ಜಾತಿಯವು ದೂರ ತಳ್ಳುತ್ತವೆ, ಬೇರೆ ಜಾತಿಯವು ಸೆಳೆಯುತ್ತವೆ.

ಋಣ ಬಂದದ್ದು ಅಮೆರಿಕದಿಂದ. ಬೆಂಜಮಿನ್ ಫ್ರಾಂಕ್ಲಿನ್ ಅಚ್ಚುಕೂಟದ ಯಜಮಾನ. ಜಮಾಖರ್ಚಿನ ಮನುಷ್ಯ ಅಂತಲೂ ಹೇಳಬಹುದು, ಏಕೆಂದರೆ ಅವನ ಪ್ರಯೋಗದಲ್ಲೂ ಅದೇ ವಾಸನೆ. ಇಬ್ಬರನ್ನು ಮೇಣದ ಮೇಲೆ ನಿಲ್ಲಿಸಿದ, ನೆಲಕ್ಕೆ ಏನೂ ಸೋರದಂತೆ. ಒಬ್ಬ ಗಾಜಿನ ಕೊಳವೆ ಉಜ್ಜಬೇಕು. ಇನ್ನೊಬ್ಬ ಆ ಕೊಳವೆಯಿಂದ ಕಿಡಿ ತೆಗೆದುಕೊಳ್ಳಬೇಕು. ಮೂರನೆಯವನು ನೆಲದ ಮೇಲೆ. ನೆಲದವನು ಇಬ್ಬರಲ್ಲಿ ಯಾರ ಹತ್ತಿರ ಬೆರಳು ಚಾಚಿದರೂ ಚಟ್ ಅಂತ ಕಿಡಿ. ಮೇಣದ ಮೇಲಿನವರಿಬ್ಬರೇ ಬೆರಳು ಚಾಚಿಕೊಂಡರೆ ಇನ್ನೂ ದೊಡ್ಡ ಕಿಡಿ. ಆಮೇಲೆ ಇಬ್ಬರಲ್ಲೂ ಏನೂ ಉಳಿದಿಲ್ಲ! ಎರಡು ಜಾತಿ ಯಾಕೆ ಬೇಕು, ಇರೋದು ಒಂದೇ ಸರಕು ಎಂದ ಫ್ರಾಂಕ್ಲಿನ್. ಉಜ್ಜಿದವನು ಕಳೆದುಕೊಂಡ, ಇನ್ನೊಬ್ಬ ಪಡೆದ. ಹೊಸದಾಗಿ ಹುಟ್ಟಿದ್ದೂ ಇಲ್ಲ, ನಾಶವಾದದ್ದೂ ಇಲ್ಲ. ಹೆಚ್ಚು ಇರುವವನಿಗೆ ಪ್ಲಸ್, ಕೊರತೆ ಇರುವವನಿಗೆ ಮೈನಸ್. 1747ರಲ್ಲಿ ಲಂಡನ್ನಿನ ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಪದಗಳಿವೆ.

ಯೋಚನೆ ಚಿನ್ನದಂಥದ್ದು. ಆದರೆ ಸರಕು ಯಾವ ಕಡೆಗೆ ಹೋಯಿತು ಎಂದು ತಿಳಿಯಲು ಅವನಿಗೆ ದಾರಿ ಇರಲಿಲ್ಲ. ಗಾಜಿಗೇ ಬಂದಿರಬೇಕು ಎಂದು ಊಹಿಸಿ ಗಾಜಿಗೆ ಪ್ಲಸ್ ಕೊಟ್ಟ. ಊಹೆ ಉಲ್ಟಾ ಆಗಿತ್ತು.

ತಪ್ಪು ಬಹಳ ಕಾಲ ಸಿಕ್ಕಿಬೀಳಲಿಲ್ಲ, ಯಾಕೆಂದರೆ ಲೆಕ್ಕಕ್ಕೆ ಅದರಿಂದ ತೊಂದರೆಯೇ ಇಲ್ಲ. 1785ರಲ್ಲಿ ಕೂಲಂಬ್ ಸಣ್ಣ ತಂತಿಯೊಂದು ಎಷ್ಟು ತಿರುಚಿಕೊಳ್ಳುತ್ತದೆ ಎಂದು ನೋಡಿ ಈ ಸೆಳೆಯುವ, ತಳ್ಳುವ ಬಲವನ್ನು ಅಳೆದ. ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಭಾಗ. ಆವೇಶದ ಅಳತೆಗೂ ಈಗ ಅವನದೇ ಹೆಸರು. ತಲಾ ಒಂದು ಕೂಲಂಬ್ ಆವೇಶವನ್ನು ಒಂದು ಮೀಟರ್ ದೂರದಲ್ಲಿ ಇಟ್ಟರೆ ಬಲ ಸುಮಾರು 9 ಲಕ್ಷ ಟನ್ ತೂಕದಷ್ಟು. ಬಾಚಣಿಗೆಯಲ್ಲಿ ಇರೋದು ಅದರ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಈ ಸೂತ್ರದಲ್ಲಿ ಎಲ್ಲ ಪ್ಲಸ್ಸುಗಳನ್ನು ಮೈನಸ್ ಮಾಡಿ, ಮೈನಸ್ಸುಗಳನ್ನು ಪ್ಲಸ್ ಮಾಡಿ. ಉತ್ತರ ಅದೇ. ಫ್ಯಾರಡೆಗೂ ಹಾಗೆಯೇ. 1836ರಲ್ಲಿ ಅವನು 12 ಅಡಿಯ ಪಂಜರ ಕಟ್ಟಿಸಿ, ಹೊರಮೈಗೆ ಕಿಡಿ ಹಾರುವಷ್ಟು ಆವೇಶ ತುಂಬಿಸಿ, ತಾನು ಒಳಗೆ ಕೂತ. ವಾಹಕದ ಆವೇಶವೆಲ್ಲ ಹೊರಮೈಯಲ್ಲೇ ಹರಡಿಕೊಳ್ಳುತ್ತದೆ, ಒಳಗೆ ಏನೂ ಗೊತ್ತಾಗುವುದಿಲ್ಲ. ಆ ಆವೇಶ ಪ್ಲಸ್ಸೋ ಮೈನಸ್ಸೋ ಅನ್ನೋದು ಅಲ್ಲಿ ಮುಖ್ಯವೇ ಅಲ್ಲ.

ಫ್ರಾಂಕ್ಲಿನ್ ಪತ್ರಕ್ಕೆ ಸರಿಯಾಗಿ 150 ವರ್ಷ ತುಂಬಿದಾಗ, 1897ರಲ್ಲಿ, ಕೇಂಬ್ರಿಜ್‌ನ ಜೆ.ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳನ್ನು (ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಮೈನಸ್ ತುದಿಯಿಂದ ಹೊರಡುವ ಕಿರಣಗಳು) ಎರಡು ತಗಡುಗಳ ನಡುವೆ ಹಾಯಿಸಿದ. ಅವು ಪ್ಲಸ್ ತಗಡಿನ ಕಡೆ ಬಾಗಿದವು. ತಂತಿಯಲ್ಲಿ ನಿಜವಾಗಿ ಓಡಾಡುವ ಕಣ, ಅಂದರೆ ಎಲೆಕ್ಟ್ರಾನ್, ಸಿಕ್ಕಿತ್ತು, ಆದರೆ ಹಳೆಯ ಲೆಕ್ಕದಲ್ಲಿ ಅದಕ್ಕೆ ಬಿದ್ದ ಗುರುತು ಮೈನಸ್. ಅಷ್ಟರಲ್ಲಿ ಪುಸ್ತಕ, ಮೀಟರ್, ನಕ್ಷೆ ಎಲ್ಲದರಲ್ಲೂ ಕರೆಂಟಿನ ಬಾಣ ಪ್ಲಸ್‌ನಿಂದ ಮೈನಸ್‌ಗೆ ಹರಿದಾಗಿತ್ತು. ಯಾರೂ ತಿದ್ದಲು ಹೋಗಲಿಲ್ಲ. ಇವತ್ತಿಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನ ಚಿತ್ರದಲ್ಲಿ ಬಾಣ ಒಂದು ಕಡೆ, ಎಲೆಕ್ಟ್ರಾನುಗಳ ಓಟ ಇನ್ನೊಂದು ಕಡೆ.

ಹಿಂದಿನ ಬೆಂಚಿನವನಿಗೆ ಈಗ ಉತ್ತರ ಹೇಳಬಹುದು. ಸಾಲ ಮಾಡಿದ್ದು ಎಲೆಕ್ಟ್ರಾನ್ ಅಲ್ಲ, ಅದು ಕೈ ಬದಲಾಗುವ ದುಡ್ಡು. ಒಣ ಕೂದಲು ಬಾಚಿದಾಗ ಪ್ಲಾಸ್ಟಿಕ್ ಬಾಚಣಿಗೆ ಸಾಮಾನ್ಯವಾಗಿ ಕೂದಲಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಫ್ರಾಂಕ್ಲಿನ್ ಅರ್ಥದಲ್ಲಿ ಮೈನಸ್ ಅಂದರೆ ಕೊರತೆ, ಅದು ಬಾಚಣಿಗೆಗೆ ಹೊಂದುವುದಿಲ್ಲ. ಆದರೆ ನಮ್ಮ ಮಾತಿನಲ್ಲಿ ತೆಗೆದುಕೊಂಡವನಿಗೆ ತಾನೇ ಋಣ? ಆ ಡಿಸೆಂಬರಿನಲ್ಲಿ ಬಾಚಣಿಗೆ ಸಾಲ ಮಾಡಿದ್ದು ಮೇಷ್ಟ್ರ ತಲೆಯ ಹತ್ತಿರ.